ತೊಳೆಯದೆ ಕೊಟ್ಟ ತೊಟ್ಟಿಲು

“ತೊಟ್ಟಿಲು ಎಲ್ಲಿ ಉಂಟು, ಪ್ರಭಾವತಿಯಮ್ಮ?”

ನಾನು ಕೇಳಿದ್ದು ಇಷ್ಟೇ. ನನಗೆ ಕುಡಿಯಲು ನೀರು ತಂದಿದ್ದ ಅವರು ಲೋಟ ಕೊಡುವುದನ್ನೂ ಮರೆತು ನಿಂತುಬಿಟ್ಟರು. ಕಾಪುವಿನ ಆ ಮನೆಯ ಚಾವಡಿಯಲ್ಲಿ ನಾವಿಬ್ಬರೇ ಇದ್ದೆವು. ಒಳಕೋಣೆಯಲ್ಲಿ ಅವರ ಸೊಸೆ ವಿಭಾ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ಆರು ತಿಂಗಳ ಹೆಣ್ಣುಮಗು ವಾಂತಿಭೇದಿಯಾಗಿ ತೀರಿಕೊಂಡು ಅಂದಿಗೆ ನಾಲ್ಕು ದಿನ.

“ಅದನ್ನು ಇವರು ಕಂಪ್ಲೇಂಟಿನಲ್ಲಿ ಬರೆದು ಕೊಟ್ಟಿದ್ದಾರಲ್ಲ,” ಎಂದರು ಪ್ರಭಾವತಿಯಮ್ಮ, ನೆಲ ನೋಡಿಕೊಂಡು. “ಆ ಹೆಂಗಸು ಕದ್ದುಕೊಂಡು ಹೋದದ್ದು.”

‘ಇವರು’ ಎಂದರೆ ಅವರ ಗಂಡ ತಾರಾನಾಥರು, ನಿವೃತ್ತ ಹೆಡ್‌ಮಾಸ್ತರು. ‘ಆ ಹೆಂಗಸು’ ಎಂದರೆ ಭಾಗವ್ವ. ಬಾಗಲಕೋಟೆ ಕಡೆಯವಳು, ಮಗು ಈ ಮನೆಗೆ ಬಂದಂದಿನಿಂದ ಅದಕ್ಕೆ ಎಣ್ಣೆ ಹಚ್ಚಿ ಮೀಯಿಸಲು ದಿನಾ ಬೆಳಿಗ್ಗೆ ನಂದಿಕೂರಿನ ಕೂಲಿಯವರ ಶೆಡ್ಡಿನಿಂದ ಬರುತ್ತಿದ್ದವಳು. ಅವಳು ಬಚ್ಚಲಿನ ಮೂಲೆಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದು ಸ್ಟೀಲ್ ಡಬ್ಬಿಯಿಂದ ಚಮಚದಲ್ಲಿ ಏನನ್ನೋ ಗುಟ್ಟಾಗಿ ಕುಡಿಸುವುದನ್ನು ತಾರಾನಾಥರು ಕಣ್ಣಾರೆ ಕಂಡಿದ್ದರು. ಮರುದಿನ ಮಗು ಸತ್ತಿತು. ವಿಷ ಹಾಕಿದಳು, ಹೋಗುವಾಗ ಮನೆತನದ ತೊಟ್ಟಿಲನ್ನೂ ಹೊತ್ತುಕೊಂಡು ಹೋದಳು ಎಂದು ದೂರು ಬಿತ್ತು. ನಿನ್ನೆ ಮಧ್ಯಾಹ್ನ ಅವಳನ್ನು ದಾರಿಯಲ್ಲೇ ಹಿಡಿದು ತಂದಿದ್ದರು, ಶೆಡ್ಡನ್ನು ಇನ್ನೂ ಹುಡುಕಿರಲಿಲ್ಲ. ಇವತ್ತು ಮೂರು ಗಂಟೆಗೆ ಉಡುಪಿ ಕೋರ್ಟಿಗೆ.

ಪೊಲೀಸರ ಕೇಸಿನಲ್ಲಿ ನಿನಗೆಂತ ಕೆಲಸ ಎಂದು ಯಾರಾದರೂ ಕೇಳಬಹುದು. ನಾನು ಕಾನ್ಸೆಪ್ಟಾ, ಕಲ್ಯಾಣಪುರದವಳು, ಮೂವತ್ತೆರಡು ವರ್ಷ ಮನೆ ಮನೆ ಹತ್ತಿ ಇಳಿದ ಸರಕಾರಿ ನರ್ಸ್. ಸಬ್‌ಇನ್‌ಸ್ಪೆಕ್ಟರ್ ಗುರುಪ್ರಸಾದನ ತೊಡೆಗೆ ಮೊದಲ ಚುಚ್ಚುಮದ್ದು ಕೊಟ್ಟವಳು. ಆ ಸಲಿಗೆಯಿಂದ ಅವನು ಬುಧವಾರ ಫೋನು ಮಾಡಿ, ವಿಷದ ವರದಿ ಬರಲು ತಿಂಗಳು ಬೇಕು, ಇದು ವಿಷವೋ ರೋಗವೋ ನೀವು ಸ್ವಲ್ಪ ನೋಡಿ ಹೇಳಿ ಎಂದಿದ್ದ. ಮನೆಯಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕುವುದಕ್ಕಿಂತ ವಾಸಿ ಎಂದು ಹೊರಟಿದ್ದೆ. ಹೊರಡುವಾಗಲೇ ಒಂದು ತಪ್ಪು ಮಾಡಿದ್ದೆ. ಅದು ನನಗೆ ಗೊತ್ತಾದದ್ದು ಆಮೇಲೆ.

ಇವತ್ತು, ಶುಕ್ರವಾರ, ಬೆಳಿಗ್ಗೆ ಮಣಿಪಾಲದ ಲ್ಯಾಬಿನಿಂದ ಡಾಕ್ಟರ್ ಮಲ್ಲಿನಾಥರ ಫೋನು ಬಂತು. ಕೊನೆಯ ಗಳಿಗೆಯಲ್ಲಿ ಆಸ್ಪತ್ರೆಗೆ ತಂದಾಗ ತೆಗೆದಿಟ್ಟಿದ್ದ ಮಗುವಿನ ಮಲದಲ್ಲಿ ರೋಟಾ ವೈರಸ್ ಸಿಕ್ಕಿತ್ತು. ಮಕ್ಕಳ ವಾಂತಿಭೇದಿಗೆ ಕಾರಣವಾಗುವ ವೈರಸ್ ಒಂದಲ್ಲ ಎರಡಲ್ಲ. ನೊರೊ, ಅಡೆನೊ, ಆಸ್ಟ್ರೊ, ಹೆಸರು ಕೇಳಿದರೆ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ. ಎರಡು ವರ್ಷದ ಒಳಗಿನ ಕೂಸುಗಳ ಮಟ್ಟಿಗೆ ಅವರಲ್ಲೆಲ್ಲ ಹೆಚ್ಚು ಹಾಳು ಮಾಡುವವನು ಈ ರೋಟಾ. ಹೊಟ್ಟೆಗೆ ಹೋದ ಮೇಲೆ ಒಂದೆರಡು ದಿನ ಸುಮ್ಮನಿರುತ್ತಾನೆ, ಆಮೇಲೆ ವಾಂತಿ, ಜ್ವರ, ನೀರಿನಂಥ ಭೇದಿ. ಮಗುವನ್ನು ಕೊಲ್ಲುವುದು ವೈರಸ್ ಅಲ್ಲ, ಮೈಯಿಂದ ಹರಿದುಹೋಗುವ ನೀರು. ಹೋದಷ್ಟು ನೀರು ತುಂಬಿಸುತ್ತ ಇದ್ದರೆ ಹೆಚ್ಚಿನ ಮಕ್ಕಳು ವಾರದಲ್ಲಿ ಎದ್ದು ಕೂರುತ್ತವೆ.

ಈ ಸುದ್ದಿ ಕೇಳಿ ತಾರಾನಾಥರು ಒಂದಿಷ್ಟೂ ಬಗ್ಗಲಿಲ್ಲವಂತೆ. ವಿಷ ಅಲ್ಲದಿದ್ದರೆ ಆ ರೋಗ ತಂದದ್ದೂ ಅವಳೇ, ಶೆಡ್ಡಿನ ಗಲೀಜಿನಿಂದ, ಎಂದು ಗುರುಪ್ರಸಾದನಿಗೆ ಪಾಠ ಮಾಡಿದರಂತೆ. ಗಲೀಜು ಅಂತೆ ಗಲೀಜು. ಶೆಡ್ಡಿಗೆ ವಾರಕ್ಕೊಮ್ಮೆ ಹೋಗುವ ನರ್ಸ್ ಪ್ಯಾಟ್ರಿಶಿಯಾ ನನ್ನ ಕೈಕೆಳಗೆ ಕಲಿತವಳು. ಅವಳನ್ನು ಬುಧವಾರವೇ ಫೋನಿನಲ್ಲಿ ಕೇಳಿದ್ದೆ. ಸೋಮವಾರ ಹೋಗಿದ್ದಾಗ ಅಲ್ಲಿ ಹನ್ನೊಂದು ಮಕ್ಕಳು, ಒಂದಕ್ಕೂ ವಾಂತಿ ಇಲ್ಲ, ಭೇದಿ ಇಲ್ಲ. ಈ ಮನೆಯಲ್ಲಿ ಮಗು ಸಾಯುವ ದಿನ ಅಲ್ಲಿಯ ಮಕ್ಕಳು ಮರಳಿನಲ್ಲಿ ಆಡಿಕೊಂಡಿದ್ದವು.

ಹಾಗಾದರೆ ರೋಗ ಎಲ್ಲಿಂದ ಬಂತು? ವಾಂತಿಭೇದಿ ಎಂದಾಗಲೇ ನನಗೆ ರೋಗದ ಅನುಮಾನ ಇತ್ತು, ಹಾಗಾಗಿ ನಿನ್ನೆ ಗುರುವಾರವೇ ಬಸ್ಸು ಹತ್ತಿ ಕಾರ್ಕಳಕ್ಕೆ ಹೋಗಿದ್ದೆ. ತಾರಾನಾಥರ ತಂಗಿಯ ಮನೆ ಇರುವುದು ಅಲ್ಲಿ. ಅವರ ಮೊಮ್ಮಗನಿಗೆ ಹನ್ನೊಂದು ತಿಂಗಳು. ಈ ಮಗುವಿಗೆ ಹುಷಾರು ತಪ್ಪುವ ಕೆಲವು ದಿನ ಮೊದಲು ಅವನಿಗೂ ಐದು ದಿನ ವಾಂತಿಭೇದಿ, ಸಲೈನ್ ಹಾಕಿಸಿ ಬದುಕಿಸಿಕೊಂಡಿದ್ದರು. ಆದರೆ ಎರಡು ಮನೆಯವರು ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಮಗುವಿಗೆ ಹುಷಾರಿಲ್ಲ ಅಂದರೆ ವಿಭಾಳ ಮಗು ಮನೆಗೆ ಬರುವ ಶುಭಕಾರ್ಯಕ್ಕೆ ಅಪಶಕುನ ಎಂದು ಅವರು ಬಾಯಿಬಿಡದೆ, ಬೇರೆ ಏನೋ ನೆಪ ಹೇಳಿ ಕಾಪುವಿಗೆ ಬರುವುದನ್ನೇ ತಪ್ಪಿಸಿದ್ದರು.

ಮನುಷ್ಯರು ಹೋಗಲಿಲ್ಲ, ಬರಲಿಲ್ಲ. ಬೇರೆ ಎಂತ ಹೋಯಿತು? ಆ ಮನೆಯ ಒಳಗೆ ಕೂತು ಕಾಫಿ ಕುಡಿಯುವಾಗ ತಲೆ ಎತ್ತಿದೆ. ತೊಲೆಯಲ್ಲಿ ಎರಡು ಕಬ್ಬಿಣದ ಕೊಂಡಿ, ಸರಪಳಿ ತಿಕ್ಕಿ ತಿಕ್ಕಿ ಒಳಬದಿ ಹೊಳೆಯುತ್ತಿತ್ತು. ಕೆಳಗೆ ಏನೂ ಇಲ್ಲ. ಇವತ್ತು ಕಾಪುವಿನ ಈ ಚಾವಡಿಯಲ್ಲಿ ಕೂತಾಗಲೂ ತಲೆಯ ಮೇಲೆ ಅಂಥವೇ ಎರಡು ಖಾಲಿ ಕೊಂಡಿಗಳಿದ್ದವು.

“ಅಮ್ಮ, ಕೂತುಕೊಳ್ಳಿ,” ಎಂದೆ. “ಕಾರ್ಕಳದವರು ನನಗೆ ಎಲ್ಲ ಹೇಳಿದ್ದಾರೆ. ಹೋದ ವಾರ ಬುಧವಾರ ತೊಟ್ಟಿಲು ಅಲ್ಲಿಂದ ಜೀಪಿನಲ್ಲಿ ಇಲ್ಲಿಗೆ ಬಂತು. ಹೌದಲ್ವಾ?”

ಅವರು ಕೂತರು. ಅರುವತ್ತು ದಾಟಿದ ಜೀವ, ನಾಲ್ಕು ದಿನದಿಂದ ತಲೆ ಬಾಚಿದಂತಿರಲಿಲ್ಲ.

ಆ ತೊಟ್ಟಿಲಿನ ಕತೆ ಅವರಿಗೆ ಹೇಳಲು ಇಷ್ಟವೇ ಇತ್ತು ಎಂದು ಕಾಣುತ್ತದೆ, ಒಮ್ಮೆ ಶುರು ಮಾಡಿದ ಮೇಲೆ ನಿಲ್ಲಿಸಲಿಲ್ಲ. ಹಲಸಿನ ಮರದ್ದು, ನಾಲ್ಕು ಸರಪಳಿ, ತಲೆಯ ಮೇಲೆ ದಾರದಲ್ಲಿ ತೂಗುವ ಮೂರು ಮರದ ಗಿಳಿಗಳು. ತಾರಾನಾಥರೂ ಅದರಲ್ಲೇ ಮಲಗಿ ಬೆಳೆದವರು. ಕುಟುಂಬದಲ್ಲಿ ಯಾರ ಮನೆಗೆ ಮಗು ಬಂದರೂ ಅದು ಅಲ್ಲಿಗೆ ಹೋಗಬೇಕು. ವಿಭಾ ತವರಿನಲ್ಲಿ ಬಾಣಂತನ ಮುಗಿಸಿ ಮಗುವನ್ನು ಕರೆದುಕೊಂಡು ಬರುವ ಹೊತ್ತಿಗೆ ತೊಟ್ಟಿಲು ಇಲ್ಲಿ ಕಟ್ಟಿರಬೇಕೆಂದು ಇವರೇ ಅವಸರ ಮಾಡಿ ತರಿಸಿದ್ದರು. ಗುರುವಾರ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ನಡೆಯಿತು.

“ತೊಳೆದಿದ್ದಿರಾ?”

ಅವರು ಇಲ್ಲವೆಂದು ತಲೆ ಆಡಿಸಿದರು. “ಅದನ್ನು ಖಾಲಿ ಕಳಿಸುವ ಕ್ರಮ ಇಲ್ಲ, ನರ್ಸ್ ಬಾಯಿ. ಮೊದಲಿನ ಮಗು ಹಾಸಿ ಮಲಗಿದ ಬಟ್ಟೆಯನ್ನು ಹಾಗೇ ಇಟ್ಟು ಕಳಿಸುವುದು. ಹೊಸ ಮಗು ಹತ್ತು ದಿನ ಮಲಗುವ ತನಕ ಬಟ್ಟೆಯನ್ನೂ ತೊಳೆಯುವುದಿಲ್ಲ, ಗಿಳಿಯನ್ನೂ ಒರೆಸುವುದಿಲ್ಲ. ಬದುಕಿದ ಮಕ್ಕಳ ಭಾಗ್ಯ ಅದರಲ್ಲಿ ಉಂಟು, ತೊಳೆದರೆ ಹೋಗುತ್ತದೆ ಅಂತ ನಮ್ಮ ಅತ್ತೆ ಹೇಳುತ್ತಿದ್ದರು.”

ನನಗೆ ಸಿಟ್ಟು ಬಂದರೆ ಮೊದಲು ಕಣ್ಣಲ್ಲಿ ನೀರು ಬರುತ್ತದೆ, ಇದು ನನ್ನ ಕರ್ಮ. ಇನ್ನು ಯಾರ ಮೇಲೆ ಸಿಟ್ಟು ಮಾಡುವುದು? ಹುಳ ಹಿಡಿದ ಅಕ್ಕಿ ಆದರೆ ಕಣ್ಣಿಗೆ ಕಾಣುತ್ತದೆ. ಇದು ಕಾಣುವುದಿಲ್ಲ. ಭೇದಿ ನಿಂತ ಮೇಲೂ ಮಗುವಿನ ಮಲದಲ್ಲಿ ಕೆಲವು ದಿನ ಇದು ಹೋಗುತ್ತಲೇ ಇರುತ್ತದೆ, ಮರದ ಮೇಲೆ, ಬಟ್ಟೆಯ ಮೇಲೆ ದಿನಗಟ್ಟಲೆ ಜೀವ ಹಿಡಿದು ಕೂರುತ್ತದೆ. ಕಾರ್ಕಳದ ಮಗುವಿನ ಭೇದಿ ಬಳಿದ ಕೈ ಸರಪಳಿ ಮುಟ್ಟಿದೆ. ಆ ಮಗು ಚೀಪಿದ ಗಿಳಿಯನ್ನೇ ಈ ಮಗುವೂ ಚೀಪಿದೆ. ಗುರುವಾರ ತೊಟ್ಟಿಲಿಗೆ ಹಾಕಿದರು, ಶನಿವಾರ ವಾಂತಿ ಶುರುವಾಯಿತು, ಸೋಮವಾರ ಮುಗಿಯಿತು. ಇದನ್ನೆಲ್ಲ ಅವರಿಗೆ ಮೆಲ್ಲಗೆ ಬಿಡಿಸಿ ಹೇಳಿದೆ.

ಪ್ರಭಾವತಿಯಮ್ಮ ಕೈಯಲ್ಲಿದ್ದ ಲೋಟವನ್ನು ನೆಲದ ಮೇಲೆ ಇಟ್ಟರು. ಆಮೇಲೆ, ತಾವು ಮಾಡಿದ್ದು ಅಷ್ಟೇ ಅಲ್ಲ ಎಂದರು. ವಾಂತಿ ಆಗುವಾಗ ಕುಡಿಸಿದರೆ ಮತ್ತೂ ಹೋಗುತ್ತದೆ, ಹೊಟ್ಟೆ ಖಾಲಿ ಇದ್ದರೆ ತಾನಾಗಿ ನಿಲ್ಲುತ್ತದೆ ಎಂದು ಮೊಲೆಹಾಲನ್ನೂ ಅವರೇ ಬಿಡಿಸಿದ್ದರು. ಹಲ್ಲು ಬರುವ ಭೇದಿ ಎಂದು ಎರಡು ದಿನ ಕಾದಿದ್ದರು. ಭಾಗವ್ವ ಮಾತ್ರ, ಕೂಸಿನ ನಾಲಿಗೆ ಒಣಗಿದೆ, ಏನಾದರೂ ಹಾಕಿ ಎಂದು ಎರಡು ಸಲ ಹೇಳಿದಳಂತೆ. ನಿನ್ನ ಕೆಲಸ ನೀನು ನೋಡು ಎಂದು ಇವರು ಬೈದಿದ್ದರು.

ಆಗ ಬಾಗಿಲ ಹತ್ತಿರ ಸದ್ದಾಯಿತು. ವಿಭಾ ಎದ್ದು ಬಂದು ದಾರಂದ ಹಿಡಿದು ನಿಂತಿದ್ದಳು. ಹಾಲು ಕಟ್ಟಿ ಅವಳ ರವಿಕೆಯ ಎದೆ ಒದ್ದೆಯಾಗಿತ್ತು.

“ಭಾಗವ್ವ ಕುಡಿಸಿದ ಮೇಲೆ ಮಗು ಒಮ್ಮೆ ಕಣ್ಣು ಬಿಟ್ಟಿತ್ತು, ಅತ್ತೆ,” ಎಂದಳು. “ನಾನು ನೋಡಿದ್ದೆ. ಮಾವ ಬೈಯುತ್ತಾರೆ ಅಂತ ನಾನು ಹೇಳಲಿಲ್ಲ.”

ಅಷ್ಟು ಹೇಳಿ ಅವಳು ಒಳಗೆ ಹೋದಳು. ಅತ್ತೆಯನ್ನು ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಆ ಮುದುಕಿಗೆ ಹಗುರಾಗುತ್ತಿತ್ತು.

“ತೊಟ್ಟಿಲು?” ಎಂದು ಮತ್ತೆ ಕೇಳಿದೆ. ಕೇಳಲು ನನಗೂ ಕಷ್ಟವಾಯಿತು, ಆದರೆ ಗಡಿಯಾರ ಒಂಬತ್ತೂ ಮುಕ್ಕಾಲು ತೋರಿಸುತ್ತಿತ್ತು.

“ಅವಳು ಕದಿಯಲಿಲ್ಲ. ನಾನೇ ಕೊಟ್ಟದ್ದು.” ಅವರು ಸೆರಗಿನಲ್ಲಿ ಬಾಯಿ ಒತ್ತಿ ಹಿಡಿದರು. “ಮಗುವನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ. ಗಾಳಿಗೆ ಆ ಗಿಳಿಗಳು ತಿರುಗುವುದನ್ನು ವಿಭಾ ನೋಡಿಕೊಂಡೇ ಕೂತಿದ್ದಳು. ನನಗೆ ತಡೆಯಲಿಕ್ಕೆ ಆಗಲಿಲ್ಲ. ಕಡಲಿಗೆ ಬಿಟ್ಟು ಬಾ ಅಂತ ಭಾಗವ್ವನ ತಲೆ ಮೇಲೆ ಹೊರಿಸಿದೆ. ಇವರಿಗೆ ಹೇಳುವ ಧೈರ್ಯ ಆಗಲಿಲ್ಲ. ಅವರು ಕಳ್ಳತನ ಅಂತ ಬರೆದರು. ನಾನು ಸುಮ್ಮನಿದ್ದೆ.”

ಇದನ್ನು ಸ್ಟೇಷನ್ನಿಗೆ ಬಂದು ಹೇಳಬೇಕಾಗುತ್ತದೆ ಎಂದೆ. ಅವರು ಗಂಡ ದೇವಸ್ಥಾನದಿಂದ ಬರುವ ಮೊದಲೇ ಹೊರಡುವ ಎಂದು ಚಪ್ಪಲಿ ಮೆಟ್ಟಿದರು. ಎಡಗಾಲಿನದು ಬಲಗಾಲಿಗೆ ಹೋಗಿತ್ತು. ನಾನು ಬಗ್ಗಿ ಸರಿ ಮಾಡಿದೆ.

ಠಾಣೆಯಲ್ಲಿ ಗುರುಪ್ರಸಾದ್ ಅವರ ಹೇಳಿಕೆ ಬರೆಸಿಕೊಳ್ಳುವಾಗ ನಾನು ಭಾಗವ್ವನ ಹತ್ತಿರ ಹೋಗಿ ಕೂತೆ. ಬೆಂಚು ಇದ್ದರೂ ಅವಳು ನೆಲದ ಮೇಲೆ ಕೂತಿದ್ದಳು. ಕೈಗಳಲ್ಲಿ ಇನ್ನೂ ತೆಂಗಿನೆಣ್ಣೆಯ ವಾಸನೆ. ಎಷ್ಟು ಮಕ್ಕಳನ್ನು ಮೀಯಿಸಿದ ಕೈಯೋ, ದೇವರಿಗೆ ಗೊತ್ತು.

ಡಬ್ಬಿಯಲ್ಲಿ ಎಂತ ಇತ್ತು ಎಂದು ಕೇಳಿದೆ. ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು.

“ಗಂಜಿ ತಿಳಿರೀ, ಚಿಟಿಕಿ ಉಪ್ಪ ಹಾಕಿದ್ದೆ. ನೀವ ಹೇಳಿಕೊಟ್ಟಿದ್ರೆಲ್ರೀ ಬಾಯಾರ. ಮೂರ ವರ್ಷದ ಹಿಂದ ಶೆಡ್ಡಿಗೆ ಬಂದಿದ್ರಿ. ಒಂದೊಂದ ಚಮಚ ಹಾಕ್ರಿ, ಕಾರಿಕೊಂಡ್ರ ಹತ್ತ ಮಿನಿಟ ಬಿಟ್ಟ ಮತ್ತ ಹಾಕ್ರಿ, ನಿಲ್ಲಸಬ್ಯಾಡ್ರಿ ಅಂದಿದ್ರಿ.”

ನನಗೆ ಅವಳ ಮುಖ ನೆನಪೇ ಇರಲಿಲ್ಲ. ಅಂಥ ಎಷ್ಟೋ ಶೆಡ್ಡುಗಳಲ್ಲಿ ಎಷ್ಟೋ ಹೆಂಗಸರ ಮುಂದೆ ನಿಂತು ಲೋಟ, ಚಮಚ ಹಿಡಿದು ಹೇಳಿದ್ದೇನೆ. ಯಾರೂ ಕೇಳುವುದಿಲ್ಲ ಎಂದು ಬೈದುಕೊಂಡು ಮನೆಗೆ ಹೋಗಿದ್ದೇನೆ. ಒಬ್ಬಳು ಕೇಳಿದ್ದಳು. ಕೇಳಿದ್ದಕ್ಕೆ ಈಗ ಠಾಣೆಯ ನೆಲದ ಮೇಲೆ ಕೂತಿದ್ದಳು.

ಗುರುಪ್ರಸಾದ್ ಬಂದು ಪಕ್ಕದಲ್ಲಿ ನಿಂತ. ಕೋರ್ಟಿಗೆ ಕಳಿಸುವುದಿಲ್ಲ, ದೂರು ಕೊಟ್ಟವರ ಮನೆಯವರೇ ನಿಜ ಹೇಳಿದ್ದಾರೆ, ಇನ್ನೊಂದು ಸಹಿ ಆದರೆ ಮನೆಗೆ ಹೋಗಬಹುದು ಎಂದು ಅವಳಿಗೆ ಹೇಳಿದ. ಅವನಿಗೆ ಕೇಸು ಮುಗಿದ ನಿರಾಳ. ನನಗೂ ಆಗಬೇಕಿತ್ತು. ಆದರೆ ಒಂದು ಮಾತು ಕೇಳುವುದು ಇನ್ನೂ ಬಾಕಿ ಇತ್ತು.

“ಭಾಗವ್ವ, ತೊಟ್ಟಿಲನ್ನು ಕಡಲಿಗೆ ಬಿಟ್ಟೆಯಾ?”

“ಬಿಟ್ಟೀನ್ರಿ.”

“ಕಡಲು ಮರವನ್ನು ಇಟ್ಟುಕೊಳ್ಳುವುದಿಲ್ಲ ಮಾರಾಯ್ತಿ. ಹೊತ್ತು ಮುಳುಗುವ ಮೊದಲು ವಾಪಸು ದಡಕ್ಕೆ ತಂದು ಹಾಕುತ್ತದೆ. ಕಾಪುವಿನ ಮೀನುಗಾರರು ಯಾರಾದರೂ ಕಂಡಿದ್ದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ನಿಜ ಹೇಳು. ಯಾರೂ ಕಳ್ಳತನ ಅನ್ನುವುದಿಲ್ಲ.”

ಅವಳು ಗುರುಪ್ರಸಾದನ ಬೂಟು ನೋಡಿದಳು, ಆಮೇಲೆ ನನ್ನ ಕಡೆ ಸರಿದು ಕೂತಳು. ಅವಳ ಮಗಳು ಅನ್ನಪೂರ್ಣ ಅದೇ ಶೆಡ್ಡಿನಲ್ಲಿ ಇದ್ದಾಳೆ, ಅಳಿಯ ಸಂಗಮೇಶ ಗಾರೆ ಕೆಲಸ. ಅವರ ಎಂಟು ತಿಂಗಳ ಗಂಡುಮಗು ಹುಟ್ಟಿದಂದಿನಿಂದ ಸಿಮೆಂಟು ಚೀಲದ ಜೋಳಿಗೆಯಲ್ಲಿ, ಧೂಳಿನಲ್ಲಿ ಮಲಗುತ್ತದೆ. ತೊಟ್ಟಿಲು ಹೊತ್ತುಕೊಂಡು ದಂಡೆಯವರೆಗೂ ಹೋದವಳು ಬಹಳ ಹೊತ್ತು ಅಲ್ಲೇ ನಿಂತಿದ್ದಳು.

“ಅಂಥಾ ತೊಟ್ಲಾ ನಮ್ಮ ಪೈಕಿ ಯಾರೂ ಕಂಡಿಲ್ರಿ. ನೀರಿಗೆ ಹಾಕಾಕ ಮನಸ ಬರಲಿಲ್ಲ. ಮಂಗಳವಾರ ಒಯ್ದ ಮಗಳಿಗಿ ಕೊಟ್ಟೀನಿ.”

“ತೊಳೆದು ಕೊಟ್ಟೆಯಾ?”

ನಾನು ಕೇಳಿದ ರೀತಿಗೆ ಅವಳು ಹೆದರಿದಳು.

“ಇಲ್ರೀ. ತೊಳೀಬಾರ್ದು, ಭಾಗ್ಯ ಹೋಗತೈತಿ ಅಂತ ಅಮ್ಮಾರು ಹೇಳೋದು ಕೇಳಿದ್ದೆ. ಅವರದೊಂದು ಹೋತು, ಅದಕ್ಕೂ ಮುಂಚೆ ಎಷ್ಟು ಮಕ್ಕಳು ಬದುಕ್ಯಾವಲ್ರೀ ಅದರಾಗ.”

ಪ್ರಭಾವತಿಯಮ್ಮ ಅತ್ತ ಮೇಜಿನ ಹತ್ತಿರ ಇದನ್ನು ಕೇಳಿಸಿಕೊಂಡು ಎದ್ದು ನಿಂತರು. ನಾನು ಅವರ ಕಡೆ ನೋಡಲಿಲ್ಲ. ಮಂಗಳವಾರ, ಬುಧವಾರ, ಗುರುವಾರ, ಇವತ್ತು ಶುಕ್ರವಾರ. ಬೆರಳು ಮಡಚುವಷ್ಟೂ ಇರಲಿಲ್ಲ.

ಆಗ ನನ್ನ ತಪ್ಪು ನನಗೆ ಹೊಳೆಯಿತು. ಬುಧವಾರ ನಾನು ಶೆಡ್ಡಿಗೆ ಹೋಗಬೇಕಾಗಿತ್ತು. ಪ್ಯಾಟ್ರಿಶಿಯಾಳನ್ನು ಫೋನಿನಲ್ಲಿ ಕೇಳಿ, ಸೋಮವಾರದ ಸುದ್ದಿ ಇಟ್ಟುಕೊಂಡು ಸುಮ್ಮನಾದೆ. ಕಣ್ಣಿಂದ ನೋಡದೆ ಏನನ್ನೂ ಬರೆಯಬೇಡಿ ಎಂದು ಮೂವತ್ತೆರಡು ವರ್ಷ ಹುಡುಗಿಯರಿಗೆ ಬೈದವಳು ನಾನು. ಮೊಣಕಾಲು ನೋವು ಅಂತ ಹೋಗಲಿಲ್ಲ. ಹೋಗಿದ್ದರೆ ಆ ತಗಡಿನ ಗೂಡಿನಲ್ಲಿ ಹಲಸಿನ ಮರದ ತೊಟ್ಟಿಲು ನನ್ನ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ.

ಜೀಪಿನಲ್ಲಿ ನಂದಿಕೂರಿಗೆ ಇಪ್ಪತ್ತು ನಿಮಿಷ. ನಾನು ಓಆರ್‌ಎಸ್ ಪುಡಿಯ ಪೊಟ್ಟಣಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಹಿಂದಿನ ಸೀಟಿನಲ್ಲಿ ಭಾಗವ್ವ ಮೊಮ್ಮಗನ ಸುದ್ದಿ ಹೇಳುತ್ತಿದ್ದಳು. ಈಗಷ್ಟೇ ಕೂರಲು ಕಲಿತಿದ್ದಾನಂತೆ. ಗಿಳಿಗಳನ್ನು ಕಂಡರೆ ಬಲು ಖುಷಿಯಂತೆ, ಕೈಗೆ ಎಟುಕಿದ್ದನ್ನು ಬಾಯಿಗೆ ಇಟ್ಟುಕೊಂಡರೆ ಬಿಡುವುದೇ ಇಲ್ಲವಂತೆ. ನಾನು ಯಾಕೆ ಅವಸರ ಮಾಡುತ್ತಿದ್ದೇನೆ ಎಂದು ಅವಳಿಗೆ ನಾನು ಇನ್ನೂ ಹೇಳಿರಲಿಲ್ಲ. ಹೇಗೆ ಹೇಳುವುದು?

ಶೆಡ್ಡಿನ ಸಾಲಿನಲ್ಲಿ ನಾಲ್ಕನೆಯದು ಅನ್ನಪೂರ್ಣಳದು. ತಗಡಿನ ಬಾಗಿಲು ತೆರೆದೇ ಇತ್ತು. ಮಾಡಿನ ಕಬ್ಬಿಣದ ಪೈಪಿಗೆ ತೊಟ್ಟಿಲು ಕಟ್ಟಿತ್ತು, ಒಳಗೆ ಮಗು ಇರಲಿಲ್ಲ. ಹಾಸಿದ್ದ ಬಟ್ಟೆ ಒದ್ದೆಯಾಗಿ ಹಳದಿಗಟ್ಟಿತ್ತು. ಮೂರು ಗಿಳಿಗಳಲ್ಲಿ ನಡುವಿನದರ ಕೊಕ್ಕಿನ ಬಣ್ಣ ಚೀಪಿ ಚೀಪಿ ಹೋಗಿತ್ತು. ಒಲೆಯ ಪಕ್ಕ ಪಾತ್ರೆಯಲ್ಲಿ ಗಂಜಿ ಇತ್ತು, ತಿಳಿಯನ್ನು ಯಾರೋ ಲೋಟಕ್ಕೆ ಬಸಿದು ಇಟ್ಟಿದ್ದರು. ಲೋಟ ತುಂಬ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು.

ಪಕ್ಕದ ಶೆಡ್ಡಿನಿಂದ ಶಿಲ್ಪಾ ಎಂಬ ಹುಡುಗಿ ಸೊಂಟದಲ್ಲಿ ತನ್ನ ಮಗು ಎತ್ತಿಕೊಂಡು ಬಂದಳು. ಆ ಮಗು ಗಿಳಿಯ ಕಡೆ ಕೈ ಚಾಚಿತು. ನಾನು ಅದರ ಕೈ ಹಿಡಿದು ಹಿಂದಕ್ಕೆ ತಂದೆ.

ಅವಳು ಹೇಳಿದ್ದು ಇಷ್ಟು. ನಿನ್ನೆ ಮಧ್ಯಾಹ್ನ ಪೊಲೀಸರು ಭಾಗವ್ವನನ್ನು ದಾರಿಯಲ್ಲೇ ಹಿಡಿದುಕೊಂಡು ಹೋದರು, ಸಂಜೆಯಿಂದ ಕೂಸಿಗೆ ವಾಂತಿ, ಆಮೇಲೆ ಭೇದಿ. ಬೆಳಗಿನ ಹೊತ್ತಿಗೆ ಅಳುವುದನ್ನೂ ನಿಲ್ಲಿಸಿತ್ತು. ಆಸ್ಪತ್ರೆಗೆ ಹೋಗೋಣ ಎಂದರೆ ಅನ್ನಪೂರ್ಣ ಒಪ್ಪಲಿಲ್ಲ, ಅಲ್ಲಿ ಹೆಸರು ಕೇಳುತ್ತಾರೆ, ಭಾಗವ್ವನ ಮಗಳು ಎಂದು ನಮ್ಮನ್ನೂ ಹಿಡಿಯುತ್ತಾರೆ ಎಂದಳು. ಗಂಡ ಹೆಂಡತಿ ಇಬ್ಬರೂ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಏಳು ಗಂಟೆಗೆ ಪಡುಬಿದ್ರಿಯಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದರು. ಊರಿನಲ್ಲಿ ಯಾರೋ ನಾಟಿ ವೈದ್ಯರಿದ್ದಾರಂತೆ. ಇಬ್ಬರ ಹತ್ತಿರವೂ ಫೋನು ಇಲ್ಲ.

ಗುರುಪ್ರಸಾದ್ ವಾಚು ನೋಡಿದ. ಹನ್ನೊಂದು ಗಂಟೆ. ಬಸ್ಸು ಹೊನ್ನಾವರದ ಹತ್ತಿರ ಇರಬೇಕು, ದಾರಿಯಲ್ಲಿ ತಡೆಯಲು ಹೇಳುತ್ತೇನೆ ಎಂದ. ಪೊಲೀಸರನ್ನು ಕಂಡರೆ ಅವರು ಇಳಿದು ಓಡುತ್ತಾರೆ ಮಾರಾಯ ಎಂದೆ. ಅವನು ಜೀಪಿನ ಕಡೆ ಹೋದ.

“ಗಂಜಿ ತಿಳಿ ಬಸಿದದ್ದು ಯಾರು?” ಎಂದು ಶಿಲ್ಪಾಳನ್ನು ಕೇಳಿದೆ.

“ನಾನಽ ರೀ. ಭಾಗವ್ವತ್ತಿ ನಮ್ಮ ಕೂಸಿಗೂ ಅದನ್ನ ಕುಡಿಸಿದ್ಳು. ನಾ ಲೋಟಾ ಕೈಯಾಗ ಕೊಟ್ಟೆ, ಅನ್ನಪೂರ್ಣಾ ಮುಟ್ಟಲಿಲ್ಲ. ಇದನ್ನ ಕುಡಿಸಿದ್ದಕ್ಕಽ ನಮ್ಮವ್ವನ್ನ ಒಯ್ದಾರ, ನಾ ಹೆಂಗ ಕುಡಸ್ಲಿ ಅಂದ್ಲು. ಮಲಿನೂ ಬಿಡಿಸ್ಯಾಳ. ಹಾದಿಗುಂಟ ಏನೂ ಹಾಕೂದಿಲ್ಲ ಅಂತ ಹೇಳೇ ಹೋದ್ಲು.”

ನಾನು ಹಿಂದೆ ತಿರುಗಿದೆ. ಭಾಗವ್ವ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಜೀಪಿನಿಂದ ಇಳಿದು ಬಂದಳೋ ಗೊತ್ತಿಲ್ಲ. ಅವಳು ತೊಟ್ಟಿಲಿನ ಒದ್ದೆ ಬಟ್ಟೆ ನೋಡಿದಳು, ತುಂಬಿದ ಲೋಟ ನೋಡಿದಳು, ಆಮೇಲೆ ನನ್ನ ಕೈಯಲ್ಲಿದ್ದ ಪೊಟ್ಟಣಗಳನ್ನು ನೋಡಿದಳು.

“ಬಸ್ಸಿನ್ಯಾಗ ಒಂದ ಗುಟುಕ ನೀರರ ಹಾಕತಾಳಲ್ರಿ, ಬಾಯಾರ?” ಎಂದು ಕೇಳಿದಳು.

ಹೊರಗೆ ಗುರುಪ್ರಸಾದ್ ಜೀಪು ತಿರುಗಿಸಿ ನಮಗಾಗಿ ಹಾರ್ನ್ ಹೊಡೆಯುತ್ತಿದ್ದ. ಬಸ್ಸು ಹೊರಟು ನಾಲ್ಕು ಗಂಟೆಯಾಗಿತ್ತು.